ಗೋಪುರಕ್ಕೆ ಒಪ್ಪಿಗೆ ಕೊಡುವ ಮುನ್ನ 2031ರ ಲೆಕ್ಕ ನೋಡಿ

ಮಾನ್ಯ ಸಂಪಾದಕರೇ,

ಎಂ.ಜಿ. ರಸ್ತೆ, ರೆಸಿಡೆನ್ಸಿ ರಸ್ತೆ, ರಿಚ್ಮಂಡ್ ರಸ್ತೆಯ ಆಸುಪಾಸಿನಲ್ಲಿ ಎತ್ತರದ ಕಚೇರಿ ಗೋಪುರಗಳು ಬರಬೇಕು, ಅದಕ್ಕಾಗಿ ಎಫ್‌ಎಆರ್ (ನಿವೇಶನದ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ) ಸಡಿಲಿಸಬೇಕು ಎಂಬ ಮಾತು ಮತ್ತೆ ಜೋರಾಗಿದೆ. ಪರವಾಗಿರುವವರು ಮುಂದಿಡುವ ಸಾಕ್ಷ್ಯ ಒಂದೇ: ಬೆಂಗಳೂರಿನಲ್ಲಿ ಕಚೇರಿ ಜಾಗ ದಾಖಲೆ ಪ್ರಮಾಣದಲ್ಲಿ ಬಾಡಿಗೆಗೆ ಹೋಗುತ್ತಿದೆ. ವಿರೋಧಿಸುವವರ ಉತ್ತರವೂ ಒಂದೇ: ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಕಚೇರಿ ಕಟ್ಟಡಗಳ ವಿನ್ಯಾಸ, ಬಾಡಿಗೆ ಕರಾರು, ನಿರ್ವಹಣೆಯಲ್ಲೇ ತೊಡಗಿರುವ ನಮಗೆ ಎರಡೂ ಕಡೆಯವರು ಬೇಡದ ಲೆಕ್ಕ ಹಿಡಿದುಕೊಂಡು ಜಗ್ಗಾಡುತ್ತಿದ್ದಾರೆ ಅನ್ನಿಸುತ್ತದೆ.

ಮೊದಲು ಕಾಲದ ವಿಚಾರ. ಒಟ್ಟು ನಿರ್ಮಾಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಅದರ ಜೊತೆಗೆ ಅಗ್ನಿಶಾಮಕ ಇಲಾಖೆ, ಜಲಮಂಡಳಿ, ಬೆಸ್ಕಾಂ, ಮಾಲಿನ್ಯ ನಿಯಂತ್ರಣ ಮಂಡಳಿ, ಹಳೇ ವಿಮಾನ ನಿಲ್ದಾಣದ ಹಾರಾಟದ ದಾರಿಗೆ ಸಂಬಂಧಿಸಿದ ಎತ್ತರದ ನಿರಾಕ್ಷೇಪಣೆ. ಎಲ್ಲ ಸುಸೂತ್ರವಾಗಿ ನಡೆದರೂ ಒಂದು ವರ್ಷ ಹಿಡಿಯುತ್ತದೆ. ಕಲ್ಲು ಸಿಗುವ ಕಡೆ ಬೇಸ್‌ಮೆಂಟ್ ಅಗೆಯಲು ಎಂಟು–ಒಂಬತ್ತು ತಿಂಗಳು, ಕಟ್ಟಡ ಮತ್ತು ಗಾಜಿನ ಹೊರಮೈಗೆ ಎರಡು ಎರಡೂವರೆ ವರ್ಷ, ಸ್ವಾಧೀನಾನುಭವ ಪ್ರಮಾಣಪತ್ರ ಕೈಗೆ ಬಂದ ಮೇಲೆ ಬಾಡಿಗೆದಾರನ ಒಳಾಂಗಣ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳು. ಈಗ ನಕ್ಷೆ ಬರೆಯಲು ಕೂತರೆ ಮೊದಲ ನೌಕರ ತನ್ನ ಸೀಟಿನಲ್ಲಿ ಕೂರುವುದು 2030ರ ಕೊನೆಗೆ ಅಥವಾ 2031ಕ್ಕೆ. ಈ ತ್ರೈಮಾಸಿಕದಲ್ಲಿ ಎಷ್ಟು ಜಾಗ ಬಾಡಿಗೆಗೆ ಹೋಯಿತು ಎಂಬ ಸುದ್ದಿ ಆ ಹೊತ್ತಿಗೆ ರದ್ದಿ ಸೇರಿರುತ್ತದೆ.

ಆ ಸುದ್ದಿಯನ್ನಾದರೂ ಸರಿಯಾಗಿ ಓದುತ್ತಿದ್ದೇವೆಯೇ? ‘ಇಷ್ಟು ಲಕ್ಷ ಚದರ ಅಡಿ ಗುತ್ತಿಗೆ’ ಎಂದು ಬರುವ ಅಂಕಿ ಸಾಮಾನ್ಯವಾಗಿ ಒಟ್ಟು ಗುತ್ತಿಗೆಯದು. ಒಂದು ಕಂಪನಿ ವೈಟ್‌ಫೀಲ್ಡ್‌ನಲ್ಲಿ 2 ಲಕ್ಷ ಚದರ ಅಡಿ ಖಾಲಿ ಮಾಡಿ ಹೊರವರ್ತುಲ ರಸ್ತೆಯಲ್ಲಿ 2 ಲಕ್ಷ ಹಿಡಿದರೆ ಆ ಅಂಕಿಗೆ 2 ಲಕ್ಷ ಸೇರುತ್ತದೆ. ನಗರದಲ್ಲಿ ಬಳಕೆಯಲ್ಲಿರುವ ಜಾಗ ಒಂದಡಿಯೂ ಹೆಚ್ಚಿರುವುದಿಲ್ಲ. ಕೋ-ವರ್ಕಿಂಗ್ ಸಂಸ್ಥೆ ಒಂದು ಲಕ್ಷ ಚದರ ಅಡಿ ಹಿಡಿದಾಗ ಒಂದು ಸಲ ಎಣಿಕೆ, ಅದೇ ಜಾಗವನ್ನು ಇನ್ನೊಂದು ಕಂಪನಿ ಅವರಿಂದ ಪಡೆದಾಗ ಕೆಲವು ವರದಿಗಳಲ್ಲಿ ಮತ್ತೊಂದು ಸಲ ಎಣಿಕೆ. ಇನ್ನೂ ಕಟ್ಟುತ್ತಿರುವ ಕಟ್ಟಡದ ಮುಂಗಡ ಕರಾರೂ ಇದರಲ್ಲೇ ಸೇರಿಕೊಳ್ಳುತ್ತದೆ. ಹೊಸ ಗೋಪುರ ಬೇಕೋ ಬೇಡವೋ ಎನ್ನಲು ನೋಡಬೇಕಾದದ್ದು ನಿವ್ವಳ ಬಳಕೆ: ವರ್ಷದ ಕೊನೆಗೆ ತುಂಬಿರುವ ಜಾಗದಿಂದ ವರ್ಷದ ಮೊದಲಿಗೆ ತುಂಬಿದ್ದ ಜಾಗ ಕಳೆದರೆ ಉಳಿಯುವುದು. ಅದನ್ನೂ ನಗರಕ್ಕೆಲ್ಲ ಒಂದೇ ಅಂಕಿಯಾಗಿ ಕೊಟ್ಟರೆ ಉಪಯೋಗವಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಖಾಲಿ ಬಿದ್ದ ಜಾಗವನ್ನೂ ನಾಗವಾರದಲ್ಲಿ ತುಂಬಿ ತುಳುಕುವ ಜಾಗವನ್ನೂ ಕೂಡಿಸಿ ಸರಾಸರಿ ತೆಗೆದರೆ ರಿಚ್ಮಂಡ್ ಟೌನ್ ಬಗ್ಗೆ ಏನೂ ತಿಳಿಯುವುದಿಲ್ಲ.

ಬಾಡಿಗೆ ದರದಲ್ಲೂ ಇಂಥದೇ ಒಂದು ಮರೆ ಇದೆ. ಕರಾರಿನಲ್ಲಿ ಚದರ ಅಡಿಗೆ ತಿಂಗಳಿಗೆ 120 ರೂಪಾಯಿ ಎಂದು ಬರೆದು, ಐದು ವರ್ಷದಲ್ಲಿ ಮೊದಲ ಆರು ತಿಂಗಳು ಬಾಡಿಗೆ ಬೇಡ ಅಂದರೆ ಮಾಲೀಕನ ಕೈಗೆ ಸರಾಸರಿ ಬೀಳುವುದು 108 ರೂಪಾಯಿ. ಪೇಟೆ ಸಡಿಲವಾದಾಗ ಮೊದಲು ಉದ್ದವಾಗುವುದು ಈ ಬಾಡಿಗೆರಹಿತ ಅವಧಿ. ಬರೆದ ದರ ಇಳಿಯುವುದು ಕಟ್ಟಕಡೆಗೆ. ಏಕೆಂದರೆ ಬ್ಯಾಂಕು ಸಾಲ ಕೊಟ್ಟಿರುವುದು ಬರೆದ ದರದ ಮೇಲೆ. ಆದ್ದರಿಂದ ‘ದರ ಇಳಿದಿಲ್ಲ, ಆದ್ದರಿಂದ ಬೇಡಿಕೆ ಇದೆ’ ಎಂಬ ವಾದವನ್ನು ಅರ್ಧ ನಂಬಿದರೆ ಸಾಕು.

ಹಾಗಾದರೆ ಮುಂದಿನ ಬೇಡಿಕೆಯನ್ನು ಅಂದಾಜು ಮಾಡುವುದು ಹೇಗೆ? ನೌಕರರ ಸಂಖ್ಯೆ, ನೂರು ನೌಕರರಿಗೆ ಎಷ್ಟು ಸೀಟು, ಸೀಟಿಗೆ ಎಷ್ಟು ಚದರ ಅಡಿ. ಈ ಮೂರನ್ನು ಗುಣಿಸಿದರೆ ಬರುವುದೇ ಬೇಡಿಕೆ. ಕೋವಿಡ್‌ಗೆ ಮುಂಚೆ ಸಾವಿರ ಜನರ ಕಂಪನಿಗೆ ಸಾವಿರ ಸೀಟು, ಸೀಟಿಗೆ ನೂರು ಚದರ ಅಡಿ, ಒಂದು ಲಕ್ಷ ಚದರ ಅಡಿ ಎಂಬ ಲೆಕ್ಕ ಸರಿಹೋಗುತ್ತಿತ್ತು. ವಾರಕ್ಕೆ ಮೂರು ದಿನ ಬಂದರೆ ಸಾಕು ಅಂದಾಗ ಆರುನೂರು ಸೀಟು ಸಾಕಲ್ಲ ಎಂದು ಕಾಗದದ ಮೇಲೆ ಅನ್ನಿಸುತ್ತದೆ. ಆದರೆ ಜನ ಐದು ದಿನಕ್ಕೆ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಸೋಮವಾರ, ಶುಕ್ರವಾರ ಬಣಗುಟ್ಟುತ್ತವೆ. ಮಂಗಳವಾರದಿಂದ ಗುರುವಾರದವರೆಗೆ ನುಗ್ಗು. ಜಾಗ ಬೇಕಾಗುವುದು ನುಗ್ಗಿನ ದಿನಕ್ಕೆ, ಆದ್ದರಿಂದ ಎಂಟುನೂರು ಸೀಟಿಗಿಂತ ಕಡಿಮೆ ಇಟ್ಟುಕೊಂಡರೆ ಪೇಚು. ಅಷ್ಟೇ ಅಲ್ಲ, ಮನೆಯಲ್ಲಿರುವವರ ಜೊತೆ ದಿನವಿಡೀ ವಿಡಿಯೊ ಕರೆ ನಡೆಯುವುದರಿಂದ ಸಣ್ಣ ಸಣ್ಣ ಸಭಾಕೋಣೆ, ಒಬ್ಬರೇ ನಿಂತು ಮಾತಾಡುವ ಗೂಡು ಹೆಚ್ಚಾಗಿ, ಸೀಟಿನ ಪಾಲು 120 ಚದರ ಅಡಿಗೆ ಏರುತ್ತದೆ. ಎಂಟುನೂರನ್ನು 120ರಿಂದ ಗುಣಿಸಿ: 96,000. ಕೆಲಸದ ರೀತಿ ತಲೆಕೆಳಗಾದರೂ ಜಾಗ ಉಳಿದದ್ದು ನೂರಕ್ಕೆ ನಾಲ್ಕು ಪಾಲು. ಮನೆಯಿಂದ ಕೆಲಸ ಬಂದು ಕಚೇರಿಗಳೆಲ್ಲ ಮುಚ್ಚಿಹೋಗುತ್ತವೆ ಎಂದವರು ಎಡವಿದ್ದು ಇಲ್ಲೇ.

ಅಂದರೆ ತಕ್ಕಡಿಯ ಮುಳ್ಳು ನಿಂತಿರುವುದು ಮೊದಲನೆಯ ಅಂಕಿಯ ಮೇಲೆ, ನೌಕರರ ಸಂಖ್ಯೆಯ ಮೇಲೆ. ಕಳೆದ ಕೆಲವು ವರ್ಷಗಳಿಂದ ನಗರಕ್ಕೆ ವರ್ಷಕ್ಕೆ ಒಂದು ಕೋಟಿ ಚದರ ಅಡಿಗೂ ಹೆಚ್ಚು ಹೊಸ ಕಚೇರಿ ಜಾಗ ಸೇರುತ್ತಿದೆ. ‘ಎ’ ದರ್ಜೆಯ, ಅಂದರೆ ದೊಡ್ಡ ಆಧುನಿಕ ಕಟ್ಟಡಗಳ, ಒಟ್ಟು ಜಾಗ 20 ಕೋಟಿ ಚದರ ಅಡಿ ದಾಟಿದೆ. ಮೇಲಿನ ಲೆಕ್ಕದಲ್ಲಿ ಒಂದು ಕೋಟಿ ತುಂಬಲು ಸುಮಾರು 83 ಸಾವಿರ ಸೀಟು, ಅಂದರೆ ಲಕ್ಷಕ್ಕೂ ಮಿಕ್ಕಿ ಹೊಸ ನೌಕರರು ಬೇಕು. ಪ್ರತಿ ವರ್ಷ. ಇದು ಅಸಾಧ್ಯವೇನಲ್ಲ, ಹಿಂದೆ ಆಗಿದೆ. ಆದರೆ ಮುಂದೆಯೂ ಆಗುತ್ತದೆ ಎಂದು ಕಣ್ಣುಮುಚ್ಚಿ ಹೇಳುವ ಸ್ಥಿತಿ ಈಗಿಲ್ಲ. ಐಟಿ ಸೇವಾ ಕಂಪನಿಗಳು ಹಿಂದಿನಂತೆ ಕ್ಯಾಂಪಸ್‌ಗಳಿಂದ ಬಸ್ಸುಗಟ್ಟಲೆ ಹುಡುಗರನ್ನು ತುಂಬಿಸಿಕೊಳ್ಳುತ್ತಿಲ್ಲ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರ ಜನರನ್ನು ಕಡಿತ ಮಾಡುವುದಾಗಿ ಹೇಳಿತು. ಎಐ ಮೊದಲು ತಿನ್ನುವುದು ಇದೇ ತಳಮಟ್ಟದ ಸೀಟುಗಳನ್ನು. ಇನ್ನೊಂದು ಕಡೆ ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳು, ಅಂದರೆ ಜಿಸಿಸಿಗಳು, ಬರುತ್ತಲೇ ಇವೆ. 2029ರೊಳಗೆ 500 ಹೊಸ ಜಿಸಿಸಿ ತರಬೇಕೆಂದು ರಾಜ್ಯ ಸರ್ಕಾರ ನೀತಿಯನ್ನೇ ಮಾಡಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್-1ಬಿ (ಉದ್ಯೋಗ ವೀಸಾ) ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ್ದು ಕೂಡ ಕೆಲಸ ಇಲ್ಲಿಗೇ ಬರುವಂತೆ ತಳ್ಳುತ್ತದೆ. ಒಂದು ಎಳೆಯುತ್ತದೆ, ಒಂದು ತಳ್ಳುತ್ತದೆ. ನಮ್ಮ ಅಂದಾಜಿನಲ್ಲಿ ಬೇಡಿಕೆ ಬತ್ತುವುದಿಲ್ಲ, ಆದರೆ ಕಳೆದ ಮೂರು ವರ್ಷದ ವೇಗದ ಗೆರೆಯನ್ನು ಹಾಗೇ 2031ರವರೆಗೆ ಎಳೆಯುವುದು ಜೂಜು.

ಇನ್ನೊಂದು ಪೈಪೋಟಿಯನ್ನು ಯಾರೂ ಎಣಿಸುತ್ತಿಲ್ಲ. ಎಸ್‌ಇಜೆಡ್, ಅಂದರೆ ವಿಶೇಷ ಆರ್ಥಿಕ ವಲಯದ, ಹೊಸ ಘಟಕಗಳಿಗೆ ಆದಾಯ ತೆರಿಗೆ ವಿನಾಯಿತಿಯ ಬಾಗಿಲು 2020ರಲ್ಲಿ ಮುಚ್ಚಿದ ಮೇಲೆ ಆ ಕಟ್ಟಡಗಳಲ್ಲಿ ಮಹಡಿಗಳು ಖಾಲಿ ಉಳಿದವು. ಎಸ್‌ಇಜೆಡ್ ಅಲ್ಲದ ಕಂಪನಿಗೆ ಅವನ್ನು ಕೊಡುವಂತಿರಲಿಲ್ಲ. 2023ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿ, ಕಟ್ಟಡದ ಒಂದೊಂದು ಮಹಡಿಯನ್ನೇ ವಲಯದಿಂದ ಹೊರಗಿಡಲು ಅವಕಾಶ ಕೊಡಲಾಯಿತು. ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಆ ಮಹಡಿಗಳು ಈಗ ಒಂದೊಂದಾಗಿ ಸಾಮಾನ್ಯ ಪೇಟೆಗೆ ಬರುತ್ತಿವೆ. ಲಿಫ್ಟ್, ಜನರೇಟರ್, ಚಿಲ್ಲರ್ ಎಲ್ಲ ಸಿದ್ಧವಿರುವ, ಕೇಂದ್ರ ಭಾಗಕ್ಕಿಂತ ಅಗ್ಗದ ಜಾಗ ಅದು.

ಈಗ ಕೇಂದ್ರ ಭಾಗಕ್ಕೆ ಬರೋಣ. ಇಲ್ಲಿಗೆ ಯಾರು ಬರುತ್ತಾರೆ? ಹೈಕೋರ್ಟಿಗೆ ಹತ್ತಿರವಿರಬೇಕಾದ ವಕೀಲರ ಕಚೇರಿಗಳು, ಲೆಕ್ಕಪರಿಶೋಧಕರು, ಬ್ಯಾಂಕುಗಳ ವಲಯ ಕಚೇರಿಗಳು, ಸಲಹಾ ಸಂಸ್ಥೆಗಳು, ಹೂಡಿಕೆ ಸಂಸ್ಥೆಗಳು, ದೊಡ್ಡ ಕಂಪನಿಯ ಮೇಲ್‌ಸ್ತರದ ಐವತ್ತು ಜನ. ಇವರು ಕೇಳುವುದು 3 ಸಾವಿರದಿಂದ 20 ಸಾವಿರ ಚದರ ಅಡಿ. ಮೂರು ಸಾವಿರ ಜನರ ಜಿಸಿಸಿ ಕೇಳುವುದು ಒಂದೊಂದು ಮಹಡಿ 40 ಸಾವಿರ ಚದರ ಅಡಿ ಇರುವ ಕ್ಯಾಂಪಸ್ಸು. ಅದು ಇಲ್ಲಿ ಹುಟ್ಟುವುದೇ ಇಲ್ಲ, ಏಕೆಂದು ಒಂದು ಎಕರೆ ನಿವೇಶನ ಇಟ್ಟುಕೊಂಡು ನೋಡಿ.

ಒಂದು ಎಕರೆ ಎಂದರೆ 4,047 ಚದರ ಮೀಟರ್, ಸರಿಸುಮಾರು 60 ಮೀಟರ್ ಅಗಲ, 67 ಮೀಟರ್ ಉದ್ದ. ಕೇಂದ್ರ ಭಾಗದಲ್ಲಿ ಇಷ್ಟು ಜಾಗ ಒಂದೇ ಹೆಸರಿನಲ್ಲಿ ಸಿಗುವುದೇ ಪುಣ್ಯ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 55 ಮೀಟರ್ ಹಾಗೂ ಅದಕ್ಕಿಂತ ಎತ್ತರದ ಕಟ್ಟಡದ ಸುತ್ತ 16 ಮೀಟರ್ ಬಿಡಬೇಕು. ನಾಲ್ಕೂ ಕಡೆ ಬಿಟ್ಟರೆ ಮಧ್ಯೆ ಉಳಿಯುವುದು 28 ಮೀಟರ್‌ಗೆ 35 ಮೀಟರ್. ಹತ್ತೂವರೆ ಸಾವಿರ ಚದರ ಅಡಿಯ ಮಹಡಿ. ಅದರಲ್ಲಿ ಎರಡು ಮೆಟ್ಟಿಲು, ಲಿಫ್ಟುಗಳು, ಅವುಗಳ ಮುಂದಿನ ಪಡಸಾಲೆ, ಶೌಚಾಲಯ, ಕೇಬಲ್ ಮತ್ತು ನೀರಿನ ಶಾಫ್ಟ್, ಗಾಳಿಯಂತ್ರದ ಕೋಣೆ ಇಷ್ಟಕ್ಕೇ ನೂರಕ್ಕೆ 25ರಿಂದ 30 ಪಾಲು ಹೋಗುತ್ತದೆ. ಮೇಜು ಹಾಕಲು ಸಿಗುವುದು ಏಳೂವರೆ ಸಾವಿರ ಚದರ ಅಡಿ. ಕಟ್ಟಡ ಎತ್ತರವಾದಷ್ಟೂ ಲಿಫ್ಟು ಹೆಚ್ಚಬೇಕು, ಶಾಫ್ಟು ಹಿಗ್ಗಬೇಕು, ಪ್ರತಿ ಮಹಡಿಯಲ್ಲಿ ಉಪಯೋಗದ ಜಾಗ ಕುಗ್ಗಬೇಕು. ಸಣ್ಣ ನಿವೇಶನದಲ್ಲಿ ಎಫ್‌ಎಆರ್ ಹೆಚ್ಚಿಸಿದರೆ ಸಿಗುವ ಲಾಭ ಕಾಗದದ ಮೇಲೆ ಕಂಡಷ್ಟು ಇರುವುದಿಲ್ಲ. ಒಂದು ಮಹಡಿಯನ್ನು ಮೂವರಿಗೆ ಹಂಚಿದರೆ ಓಡಾಡುವ ಮೊಗಸಾಲೆಗೆ ಮತ್ತೆ ಐದಾರು ಪಾಲು ಕಳೆಯಿರಿ. ಬಾಡಿಗೆದಾರ ಇದಕ್ಕೆಲ್ಲ ಸೂಪರ್ ಬಿಲ್ಟ್‌ಅಪ್ (ಸಾಮಾನ್ಯ ಜಾಗದ ಪಾಲೂ ಸೇರಿದ ಅಳತೆ) ಹೆಸರಿನಲ್ಲಿ ಬಾಡಿಗೆ ತೆರುತ್ತಾನೆ: ದರ 120 ರೂಪಾಯಿ, ಕಾರ್ಪೆಟ್ ಏರಿಯಾ ಶೇ 70 ಎಂದರೆ ನಿಜವಾಗಿ ಬಳಸುವ ಅಡಿಗೆ 171 ರೂಪಾಯಿ. ಅದರ ಮೇಲೆ ನಿರ್ವಹಣಾ ಶುಲ್ಕ, ಶೇ 18 ಜಿಎಸ್‌ಟಿ.

ಇನ್ನು ಕಾರು. ನಮ್ಮ ಪತ್ರದ ಮುಖ್ಯ ತಕರಾರು ಇರುವುದೇ ಇಲ್ಲಿ. 2007ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಮಾಸ್ಟರ್ ಪ್ಲಾನ್ 2015ರ ವಲಯ ನಿಯಮಗಳೇ ನಗರಕ್ಕೆ ಆಧಾರ. ಅದರ ನಂತರದ 2031ರ ಕರಡನ್ನು 2020ರಲ್ಲಿ ವಾಪಸ್ ಪಡೆಯಲಾಯಿತು. ಜಾರಿಯಲ್ಲಿರುವ 2015ರ ಪ್ಲಾನ್‌ನ ನಿಯಮದಲ್ಲಿ ಕಚೇರಿಯ ಪ್ರತಿ 50 ಚದರ ಮೀಟರ್‌ಗೆ ಒಂದು ಕಾರಿನ ಜಾಗ ಇರಲೇಬೇಕು. ನಮ್ಮ ಒಂದು ಎಕರೆಗೆ 3.25 ಎಫ್‌ಎಆರ್ ಹಾಕಿ: 13,152 ಚದರ ಮೀಟರ್ ಕಚೇರಿ, 263 ಕಾರು. ಬೇಸ್‌ಮೆಂಟ್‌ನಲ್ಲಿ ಒಂದು ಕಾರಿಗೆ ಓಡಾಟದ ದಾರಿ, ಇಳಿಜಾರು ಸೇರಿ 32 ಚದರ ಮೀಟರ್ ಬೇಕು. ಒಟ್ಟು 8,416 ಚದರ ಮೀಟರ್. ಸುಮಾರು 1 ಲಕ್ಷ 41 ಸಾವಿರ ಚದರ ಅಡಿ ಕಚೇರಿಗಾಗಿ 90 ಸಾವಿರ ಚದರ ಅಡಿಗೂ ಹೆಚ್ಚು ಕಾರಿನ ಗೂಡು! ಇಷ್ಟು ಹಿಡಿಸಲು ಮೂರು ಬೇಸ್‌ಮೆಂಟ್ ಇಳಿಯಬೇಕು. ಬೆಂಗಳೂರಿನ ನೆಲದಡಿಯ ನೈಸ್ ಬಂಡೆ ಎಲ್ಲಿ ಎಷ್ಟು ಆಳದಲ್ಲಿ ಸಿಗುತ್ತದೆ ಎಂದು ಪಕ್ಕದ ನಿವೇಶನ ನೋಡಿಯೂ ಹೇಳಲಾಗದು. ಮೂಲೆಗೊಂದರಂತೆ ನಾಲ್ಕು ಕಡೆ ಬೋರ್ ಹಾಕಿ ಮಣ್ಣು ಪರೀಕ್ಷೆ ಮುಗಿಸಿದೆವು ಅಂದುಕೊಂಡವರಿಗೆ ನಡುವೆ ಬಂಡೆ ಎದುರಾಗುವುದು ಮಾಮೂಲು. ಮನೆ, ಆಸ್ಪತ್ರೆ, ಮೆಟ್ರೊ ಸುರಂಗದ ಪಕ್ಕದಲ್ಲಿ ಸಿಡಿಮದ್ದು ಇಡುವಂತಿಲ್ಲ; ಬ್ರೇಕರ್‌ನಿಂದ ಕುಟ್ಟಬೇಕು ಅಥವಾ ವಜ್ರದ ತಂತಿಯಿಂದ ಕೊಯ್ಯಬೇಕು. ಬಂಡೆಯ ಸೀಳಿನಿಂದ ಜಿನುಗುವ ನೀರನ್ನು ಕಟ್ಟಡ ಇರುವಷ್ಟು ಕಾಲವೂ ಪಂಪ್ ಮಾಡಿ ಚರಂಡಿಗೆ ಬಿಡಬೇಕು. ಹೊರಗೋಡೆಯ ಜಲನಿರೋಧಕ ಪದರ ಒಂದು ಕಡೆ ಬಿಟ್ಟುಕೊಂಡರೆ ಮೂರನೇ ಬೇಸ್‌ಮೆಂಟ್‌ನಲ್ಲಿ ಮಳೆಗಾಲವಿಡೀ ನೀರು.

ಸಂಜೆ ಆರು ಗಂಟೆಗೆ ಈ 263 ಕಾರು ಒಂದೇ ಇಳಿಜಾರಿನಿಂದ ಮೇಲೆ ಬರಬೇಕು. ಒಂದು ಕಾರಿಗೆ ಒಂಬತ್ತು ಸೆಕೆಂಡು ಅಂದರೂ 40 ನಿಮಿಷ, ಅದೂ ಹೊರಗಿನ ರಸ್ತೆ ಖಾಲಿ ಇದ್ದರೆ. ಏಕಮುಖ ಸಂಚಾರದ ಮ್ಯೂಸಿಯಂ ರಸ್ತೆಯಂಥ ಕಡೆ ಅಂಥ ನಾಲ್ಕು ಕಟ್ಟಡ ನಿಂತವೆಂದರೆ ಸಂಜೆಯ ಕತೆ ಊಹಿಸಿಕೊಳ್ಳಿ. ರಸ್ತೆಯಲ್ಲಿ ಜಾಗವಿಲ್ಲ ಎನ್ನುವವರು ಬೆರಳು ತೋರಿಸಬೇಕಾದದ್ದು ಗೋಪುರದ ಕಡೆಗಲ್ಲ, ಈ ನಿಯಮದ ಕಡೆಗೆ. ಮೆಟ್ರೊ ನಿಲ್ದಾಣದಿಂದ 150 ಮೀಟರ್ ಒಳಗೆ ಎಫ್‌ಎಆರ್ 4ರವರೆಗೆ ಕೊಡುವ ಅದೇ ವಲಯ ನಿಯಮಗಳು ಕಾರಿನ ಜಾಗವನ್ನೂ ಅದೇ ಅನುಪಾತದಲ್ಲಿ ಕೇಳುವುದು ಯಾವ ನ್ಯಾಯ? ರೈಲಿಗೆ ಹತ್ತಿರ ಎಂಬ ಕಾರಣಕ್ಕೆ ಹೆಚ್ಚು ಮಹಡಿ, ಹೆಚ್ಚು ಮಹಡಿಯ ಕಾರಣಕ್ಕೆ ಹೆಚ್ಚು ಕಾರು. ನಿಲ್ದಾಣದ 500 ಮೀಟರ್ ಒಳಗಾದರೂ ‘ಇಷ್ಟು ಇರಲೇಬೇಕು’ ಎಂಬುದನ್ನು ‘ಇಷ್ಟಕ್ಕಿಂತ ಹೆಚ್ಚು ಇರಕೂಡದು’ ಎಂದು ತಿದ್ದಬೇಕು. 150 ಚದರ ಮೀಟರ್‌ಗೆ ಒಂದು ಕಾರು ಎಂದರೆ ನಮ್ಮ ಉದಾಹರಣೆಯಲ್ಲಿ 88 ಕಾರು, ಒಂದೇ ಬೇಸ್‌ಮೆಂಟ್. ಉಳಿದ ಜಾಗದಲ್ಲಿ ದ್ವಿಚಕ್ರ ವಾಹನ, ಸೈಕಲ್, ಅಂಗವಿಕಲರ ವಾಹನ. ಕಟ್ಟಡವೂ ಅಗ್ಗವಾಗುತ್ತದೆ, ಅಗೆತದ ಐದಾರು ತಿಂಗಳೂ ಉಳಿಯುತ್ತದೆ.

ಕಾರಿಲ್ಲದೆ ಜನ ಬರುತ್ತಾರೆಯೇ ಎಂದು ಕೇಳುವವರಿದ್ದಾರೆ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ರೈಲು. 2025ರ ಆಗಸ್ಟ್‌ನಿಂದ ಹಳದಿ ಮಾರ್ಗದಲ್ಲಿ ಬೊಮ್ಮಸಂದ್ರದವರು ಆರ್.ವಿ. ರಸ್ತೆಗೆ ಬಂದು ಹಸಿರು ಮಾರ್ಗ ಹಿಡಿಯಬಹುದು. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಗುಲಾಬಿ ಮಾರ್ಗಕ್ಕೆ ಲ್ಯಾಂಗ್‌ಫೋರ್ಡ್ ಟೌನ್, ಎಂ.ಜಿ. ರಸ್ತೆ, ಶಿವಾಜಿನಗರದಲ್ಲಿ ನೆಲದಡಿಯ ನಿಲ್ದಾಣಗಳಿವೆ; ನೇರಳೆ ಮಾರ್ಗಕ್ಕೆ ಅದು ಕೂಡಿಕೊಳ್ಳುವುದು ಎಂ.ಜಿ. ರಸ್ತೆಯಲ್ಲಿ. ನಗರದ ನಾಲ್ಕೂ ದಿಕ್ಕಿನಿಂದ ಜನರನ್ನು ಕರೆತರುವ ಶಕ್ತಿ ಕೇಂದ್ರ ಭಾಗಕ್ಕೆ ಮಾತ್ರ ಇದೆ, ಗೋಪುರದ ಪರವಾದ ನಿಜವಾದ ವಾದ ಇದೊಂದೇ. ಆದರೆ ರೈಲು ಎರಡೂ ಕಡೆ ಓಡುತ್ತದೆ ಎಂಬುದನ್ನು ಮರೆಯಬಾರದು. ಸಿಲ್ಕ್ ಬೋರ್ಡ್‌–ಕೆ.ಆರ್. ಪುರ ನಡುವೆ ನೀಲಿ ಮಾರ್ಗ ಪೂರ್ತಿ ಓಡತೊಡಗಿದರೆ ಹೊರವರ್ತುಲ ರಸ್ತೆಯ ದೊಡ್ಡ ನೋವು ಅರ್ಧ ಕಡಿಮೆಯಾಗುತ್ತದೆ. ಆ ನೋವಿಗೆ ಬೇಸತ್ತು ಇತ್ತ ಬರುತ್ತಿದ್ದ ಕಂಪನಿಗಳೂ ಅಷ್ಟು ಕಡಿಮೆಯಾಗುತ್ತವೆ.

ನೀರಿನ ಬಗ್ಗೆ ಎರಡೇ ಮಾತು. ಕಟ್ಟಡ ಸಂಹಿತೆಯ ಲೆಕ್ಕದಲ್ಲಿ ಕಚೇರಿಯಲ್ಲಿ ಒಬ್ಬರಿಗೆ ದಿನಕ್ಕೆ 45 ಲೀಟರ್, ಅದರಲ್ಲಿ 20 ಶೌಚದ ಫ್ಲಶ್‌ಗೆ. ಹತ್ತು ಚದರ ಮೀಟರ್‌ಗೆ ಒಬ್ಬರಂತೆ ನಮ್ಮ ಎಕರೆಯ ಕಟ್ಟಡಕ್ಕೆ 1,315 ಜನ, 59 ಸಾವಿರ ಲೀಟರ್. ಫ್ಲಶ್‌ಗೂ ಎ.ಸಿ.ಯ ಕೂಲಿಂಗ್ ಟವರ್‌ಗೂ ಸಂಸ್ಕರಿಸಿದ ನೀರನ್ನೇ ಬಳಸಿದರೆ ಕಾವೇರಿ ನೀರು 33 ಸಾವಿರ ಲೀಟರ್‌ಗೆ ನಿಲ್ಲುತ್ತದೆ. ತೊಂದರೆ ಏನೆಂದರೆ, ಸಂಸ್ಕರಣಾ ಘಟಕ ದಿನವೂ ಒಂದೇ ಪ್ರಮಾಣದ ಕೊಳಚೆ ಬಯಸುತ್ತದೆ. ಶುಕ್ರವಾರದಿಂದ ಸೋಮವಾರದವರೆಗೆ ಕಟ್ಟಡ ಅರೆಖಾಲಿ ಇದ್ದರೆ ಟ್ಯಾಂಕಿನ ಸೂಕ್ಷ್ಮಾಣುಗಳು ಆಹಾರವಿಲ್ಲದೆ ಸೊರಗಿ, ಮಂಗಳವಾರ ಬೆಳಿಗ್ಗೆ ಬರುವ ನೀರು ನಾರುತ್ತದೆ. ಇಡೀ ಕಟ್ಟಡಕ್ಕೆ ಒಂದೇ ದೊಡ್ಡ ಟ್ಯಾಂಕಿನ ಬದಲು ಎರಡು ಸಾಲು ಮಾಡಿ, ಒಂದನ್ನು ಬೇಕಾದಾಗ ನಿಲ್ಲಿಸುವಂತೆ ಇಟ್ಟರೆ ಸಂಭಾಳಿಸಬಹುದು. ವಾರದ ನಡುವಿನ ನುಗ್ಗಿಗೆ ಲಿಫ್ಟಿನ ಲೆಕ್ಕವನ್ನೂ ಹೀಗೇ ಮತ್ತೆ ಹಾಕಬೇಕು.

ಗೋಪುರದ ಚರ್ಚೆಯಲ್ಲಿ ಕಾಣೆಯಾಗಿರುವುದು ಈಗಾಗಲೇ ಇರುವ ಕಟ್ಟಡಗಳು. ಕೇಂದ್ರ ಭಾಗದಲ್ಲಿ 1980–90ರ ದಶಕದ ಆರೇಳು ಮಹಡಿಯ ಕಚೇರಿ ಕಟ್ಟಡಗಳು ಗಲ್ಲಿಗೊಂದರಂತೆ ಇವೆ. ಹಲವೆಡೆ ಕೆಳಗೆ ಅಂಗಡಿ ಗಿಜಿಗುಟ್ಟುತ್ತದೆ, ಮೇಲೆ ದೀಪವಿಲ್ಲ. ಅವುಗಳ ಜಾಗ ಕೆಟ್ಟದ್ದೇನಲ್ಲ. ಕೆಟ್ಟಿರುವುದು ಒಳಗಿನ ನರನಾಡಿ. ಮಹಡಿಯಿಂದ ಮಹಡಿಗೆ ಎತ್ತರ 3.2 ಮೀಟರ್, ಅದರಲ್ಲಿ ತೊಲೆಗೆ 60 ಸೆಂಟಿಮೀಟರ್ ಹೋದರೆ ಉಳಿಯುವುದು 2.6. ಈಗಿನ ಕಟ್ಟಡಗಳಲ್ಲಿ ಎತ್ತರ 4 ಮೀಟರ್ ದಾಟುತ್ತದೆ. 2.6 ಮೀಟರ್ ಕೆಳಗೆ ಎ.ಸಿ. ಡಕ್ಟ್, ಸ್ಪ್ರಿಂಕ್ಲರ್ ಪೈಪು, ಕೇಬಲ್ ಟ್ರೇ, ಮೇಲ್ಛಾವಣಿ ಎಲ್ಲ ಹೊಂದಿಸಲು ಹೋದರೆ ತಲೆಗೆ ತಾಗುತ್ತದೆ. ಇದಕ್ಕೆ ದಾರಿ ಇದೆ: ಡಕ್ಟ್ ಕೈಬಿಟ್ಟು, ಹೊರಗಿನ ಒಂದು ಘಟಕದಿಂದ ಸಣ್ಣ ತಾಮ್ರದ ಕೊಳವೆಯಲ್ಲಿ ಹಲವು ಒಳಘಟಕಗಳಿಗೆ ತಂಪು ಹರಿಸುವ ವಿಆರ್‌ಎಫ್ ವ್ಯವಸ್ಥೆ, ತೆರೆದ ಮೇಲ್ಛಾವಣಿ, ತೊಲೆಯ ಪಕ್ಕದಲ್ಲೇ ಓಡುವ ಸ್ಪ್ರಿಂಕ್ಲರ್ ಸಾಲು. ವಿದ್ಯುತ್ ಶಾಫ್ಟಿನ ಹಳೇ ಅಲ್ಯೂಮಿನಿಯಂ ಕೇಬಲ್ ತೆಗೆದು ಬಸ್‌ಬಾರ್ (ವಿದ್ಯುತ್ ಹರಿಸುವ ಲೋಹದ ಪಟ್ಟಿ) ಹಾಕಬೇಕು, ಟ್ರಾನ್ಸ್‌ಫಾರ್ಮರ್ ಬದಲಿಸಬೇಕು. ಎಲ್ಲ ಸೇರಿ ಒಂದು ವರ್ಷ, ಹೆಚ್ಚೆಂದರೆ ಹದಿನೈದು ತಿಂಗಳು. ಗೋಪುರದ ಕಾಲು ಭಾಗದಷ್ಟು ಸಮಯ.

ಮತ್ತೇಕೆ ಯಾರೂ ಮಾಡುತ್ತಿಲ್ಲ ಎಂದರೆ, ಒಡೆತನ. ಆ ಕಾಲದಲ್ಲಿ ಬಿಲ್ಡರ್ ಒಂದೊಂದು ಮಹಡಿಯನ್ನು, ಕೆಲವೊಮ್ಮೆ ಒಂದೊಂದು ಕೋಣೆಯನ್ನು, ಬೇರೆಬೇರೆಯವರಿಗೆ ಮಾರಿ ಕೈತೊಳೆದುಕೊಂಡ. ಇವತ್ತು ಲಿಫ್ಟ್ ಬದಲಿಸಲು ಮೂವತ್ತು ಸಹಿ ಬೇಕು. ಒಬ್ಬರು ವಿದೇಶದಲ್ಲಿ, ಇಬ್ಬರು ಕೋರ್ಟಿನಲ್ಲಿ, ಒಬ್ಬರು ತೀರಿಕೊಂಡು ವಾರಸುದಾರರ ಖಾತೆ ಇನ್ನೂ ಆಗಿಲ್ಲ. ನೆಲಮಹಡಿಯವರು ‘ನಮಗೆ ಲಿಫ್ಟೇ ಬೇಡ’ ಎನ್ನುತ್ತಾರೆ. ಇದರ ಮೇಲೆ ಸ್ವಾಧೀನಾನುಭವ ಪ್ರಮಾಣಪತ್ರದ ಸಮಸ್ಯೆ: ನಕ್ಷೆಯಲ್ಲಿ ಐದು ಮಹಡಿ, ಕಟ್ಟಿದ್ದು ಆರು. ಅಂಥ ಕಟ್ಟಡಕ್ಕೆ ಯಾವ ಬಹುರಾಷ್ಟ್ರೀಯ ಕಂಪನಿಯ ಕಾನೂನು ವಿಭಾಗವೂ ಒಪ್ಪುವುದಿಲ್ಲ. ಪ್ರಮಾಣಪತ್ರವಿಲ್ಲದೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅವರು ಇನ್ನಷ್ಟು ಹಿಂಜರಿಯುತ್ತಾರೆ. ಮೂರನೇ ಎರಡರಷ್ಟು ಮಾಲೀಕರು ಒಪ್ಪಿದರೆ ಸಾಮೂಹಿಕ ಸೌಲಭ್ಯಗಳ ನವೀಕರಣಕ್ಕೆ ಅಡ್ಡಿ ಇರಬಾರದು ಎಂಬ ಒಂದು ನಿಯಮ, ಪ್ರೀಮಿಯಂ ಎಫ್‌ಎಆರ್ ಶುಲ್ಕದ (ಹೆಚ್ಚುವರಿ ಎಫ್‌ಎಆರ್‌ಗೆ ಬಿಲ್ಡರ್ ಕಟ್ಟುವ ಹಣ) ಒಂದು ಪಾಲಿನಿಂದ ಇಂಥ ನವೀಕರಣಕ್ಕೆ ತೆರಿಗೆ ರಿಯಾಯಿತಿ: ಇಷ್ಟು ಮಾಡಿದರೆ ಒಂದು ಅಡಿಯೂ ಅಗೆಯದೆ ಎಷ್ಟೋ ಲಕ್ಷ ಚದರ ಅಡಿ ಬಳಕೆಗೆ ಬರುತ್ತದೆ. ವಕೀಲರಿಗೂ ಲೆಕ್ಕಪರಿಶೋಧಕರಿಗೂ ಬೇಕಾದ ಅಳತೆಯ ಮಹಡಿಗಳೇ ಅವು.

ನವೀಕರಣ ಅಂದರೆ ಬಣ್ಣ ಬಳಿದು ಗಾಜು ಹಾಕುವುದು ಎಂದು ತಿಳಿದವರಿಗೆ 2010ರ ಫೆಬ್ರುವರಿ 23ರ ಕಾರ್ಲ್‌ಟನ್ ಟವರ್ಸ್ ದುರಂತ ನೆನಪಿಸಬೇಕು. ಅಂದು ಸತ್ತ ಒಂಬತ್ತು ಜನರ ಪಾಲಿಗೆ ಬೆಂಕಿಗಿಂತ ಹೊಗೆಯೇ ಯಮನಾಯಿತು. ಕೇಬಲ್ ಶಾಫ್ಟನ್ನು ಪ್ರತಿ ಮಹಡಿಯಲ್ಲೂ ಬೆಂಕಿ ತಡೆಯುವ ಗಾರೆಯಿಂದ ಮುಚ್ಚದಿದ್ದರೆ ಅದು ಹೊಗೆಗೊಳವೆಯೇ ಸರಿ. ಹಳೇ ಕಟ್ಟಡದಲ್ಲಿ ಮೊದಲು ಮಾಡಬೇಕಾದ, ಎಲ್ಲಕ್ಕಿಂತ ಅಗ್ಗದ ಕೆಲಸ ಇದು. ಪ್ರತಿ ಸಲ ಹೊಸ ಇಂಟರ್‌ನೆಟ್ ಕೇಬಲ್ ಎಳೆದಾಗ ಯಾರೋ ಆ ಗಾರೆ ಒಡೆದು ಹಾಗೇ ಬಿಡುತ್ತಾರೆ, ಆದ್ದರಿಂದ ಆರು ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡಬೇಕು. ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕುವ ಚಾಳಿ ನಿಲ್ಲಬೇಕು. ಎರಡನೇ ಮೆಟ್ಟಿಲಿಗೆ ಜಾಗವಿಲ್ಲದಿದ್ದರೆ ಹೊರಗೋಡೆಗೆ ಉಕ್ಕಿನ ಮೆಟ್ಟಿಲು ಕಟ್ಟಲು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ನಿಯಮ ಸಡಿಲಿಸಬೇಕು.

ಸರ್ಕಾರವೂ ಈ ಪೇಟೆಯಲ್ಲಿ ದೊಡ್ಡ ಬಾಡಿಗೆದಾರ. ಆನಂದರಾವ್ ವೃತ್ತದ ಬಳಿ ಸರ್ಕಾರಿ ಕಚೇರಿಗಳಿಗಾಗಿ ಅವಳಿ ಗೋಪುರ ಕಟ್ಟುವ ಮಾತು ವರ್ಷಗಳಿಂದ ಇದೆ. ಅದು ಎದ್ದ ದಿನ ಖಾಸಗಿ ಕಟ್ಟಡಗಳಲ್ಲಿ ಬಾಡಿಗೆಗಿರುವ ಇಲಾಖೆಗಳು ಹೊರಬೀಳುತ್ತವೆ, ಮೇಲೆ ಹೇಳಿದಂಥ ಹಳೇ ಮಹಡಿಗಳೇ ಮತ್ತಷ್ಟು ಖಾಲಿಯಾಗುತ್ತವೆ. ಎರಡೂ ಯೋಜನೆಯನ್ನು ಒಂದೇ ಹಾಳೆಯ ಮೇಲೆ ಇಟ್ಟು ನೋಡಿದವರು ಇದ್ದಂತಿಲ್ಲ.

ಇಷ್ಟಾಗಿಯೂ ಗೋಪುರ ಬೇಕೆನ್ನುವವರಿಗೆ ನಾವು ಅಡ್ಡಗಾಲು ಹಾಕುವುದಿಲ್ಲ. ಆದರೆ ಕಟ್ಟುವಾಗಲೇ ಮುಂದೆ ಬೇರೆ ಬಳಕೆಗೆ ತಿರುಗಿಸಲು ಬರುವಂತೆ ಕಟ್ಟಿ. ಕಚೇರಿಯನ್ನು ಮನೆಯಾಗಿಯೋ ಹೋಟೆಲ್ ಆಗಿಯೋ ಮಾಡಲು ಆಗದಿರುವುದಕ್ಕೆ ಎರಡು ಕಾರಣ: ಮಹಡಿಯ ನಡುಭಾಗಕ್ಕೆ ಬೆಳಕು ಬರುವುದಿಲ್ಲ, ಶೌಚಾಲಯದ ಪೈಪು ಒಂದೇ ಕಡೆ ಇರುತ್ತದೆ. ಲಿಫ್ಟಿನ ಗೋಡೆಯಿಂದ ಕಿಟಕಿಗೆ 12 ಮೀಟರ್ ಮೀರದಂತೆ ನೋಡಿಕೊಂಡು, ನಾಲ್ಕು ಮೂಲೆಗೂ ಒಂದೊಂದು ಖಾಲಿ ಶಾಫ್ಟ್ ಬಿಟ್ಟು, ತೆರೆಯಬಲ್ಲ ಕಿಟಕಿಗೆ ಚೌಕಟ್ಟು ಇಟ್ಟರೆ 2035ರಲ್ಲಿ ಬಾಡಿಗೆದಾರ ಸಿಗದ ಮಹಡಿಗಳಿಗೆ ಇನ್ನೊಂದು ಜೀವ ಇರುತ್ತದೆ. ಈಗ ನೂರಕ್ಕೆ ಎರಡು–ಮೂರು ಪಾಲು ಜಾಗ ಕಳೆದುಕೊಳ್ಳುವುದು, ಆಗ ಇಡೀ ಕಟ್ಟಡ ಖಾಲಿ ಇಟ್ಟುಕೊಳ್ಳುವುದಕ್ಕಿಂತ ಮೇಲು. ಹಾಗೆಯೇ ಹೆಚ್ಚುವರಿ ಎಫ್‌ಎಆರ್ ಕೇಳುವ ಬಿಲ್ಡರ್, ಕನಿಷ್ಠ ಮೂರನೇ ಒಂದು ಪಾಲಿಗಾದರೂ ಮುಂಗಡ ಕರಾರು ತೋರಿಸಲಿ. ತೋರಿಸಲಾಗದಿದ್ದರೆ ಮೊದಲ ಹಂತ ಕಟ್ಟಿ ತುಂಬಿಸಿ ಮೇಲಿನದಕ್ಕೆ ಬರಲಿ. ಹಣ ಮುಗಿದು ಅರ್ಧಕ್ಕೆ ನಿಂತ ಕಾಂಕ್ರೀಟ್ ಅಸ್ಥಿಪಂಜರಗಳು ಈ ಊರಿಗೆ ಹೊಸತಲ್ಲ.

ಕೊನೆಯದಾಗಿ ಅಂಕಿಅಂಶದ ಕೋರಿಕೆ. ಯಾವ ಬೀದಿಯಲ್ಲಿ ಎಷ್ಟು ಕಚೇರಿ ಜಾಗ ಖಾಲಿ ಇದೆ ಎಂದು ತಿಳಿಯಲು ಈಗ ಆಸ್ತಿ ಸಲಹಾ ಸಂಸ್ಥೆಗಳ ವರದಿಯನ್ನೇ ನೆಚ್ಚಬೇಕು. ಅವರು ಎಣಿಸುವುದು ‘ಎ’ ದರ್ಜೆಯ ಕಟ್ಟಡ ಮಾತ್ರ, ಹಳೇ ಕಟ್ಟಡ ಅವರ ಪಟ್ಟಿಗೇ ಬರುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಕೇಂದ್ರ ಪಾಲಿಕೆಯ ಬಳಿ ಆಸ್ತಿ ತೆರಿಗೆಗಾಗಿ ಪ್ರತಿ ವಾಣಿಜ್ಯ ಕಟ್ಟಡದ ಅಳತೆ ಇದೆ. ಬೆಸ್ಕಾಂ ಬಳಿ ಅದೇ ಕಟ್ಟಡದ ಮೀಟರ್‌ಗಳ ತಿಂಗಳ ಬಳಕೆ ಇದೆ. ಜನ ಕೂತು ಕೆಲಸ ಮಾಡುವ ಮಹಡಿಗೂ ಬೀಗ ಹಾಕಿದ ಮಹಡಿಗೂ ಯೂನಿಟ್‌ನಲ್ಲಿ ಅಜಗಜಾಂತರ ಇರುತ್ತದೆ. ಕಟ್ಟಡದ ಹೆಸರಾಗಲಿ ಮಾಲೀಕರ ಹೆಸರಾಗಲಿ ಬೇಡ. ರಸ್ತೆವಾರು ಒಟ್ಟು ಅಳತೆ ಎಷ್ಟು, ಅದರಲ್ಲಿ ಆರು ತಿಂಗಳಿಂದ ಬಳಕೆ ಇಲ್ಲದ್ದು ಎಷ್ಟು ಎಂಬ ಎರಡು ಕಾಲಮ್ಮಿನ ಪಟ್ಟಿ ಸಾಕು. ಎರಡು ಕಚೇರಿಗಳ ದಾಖಲೆಯಲ್ಲಿ ಕಟ್ಟಡದ ಗುರುತಿನ ಸಂಖ್ಯೆ ಬೇರೆಬೇರೆ ಇರುವುದರಿಂದ ಮೊದಲ ಸಲ ತಾಳೆ ಹಾಕಲು ಕೆಲವು ತಿಂಗಳು ಹಿಡಿದೀತು. ಹೆಚ್ಚುವರಿ ಎಫ್‌ಎಆರ್‌ನ ಮೊದಲ ಕಡತಕ್ಕೆ ಸಹಿ ಬೀಳುವ ಮುನ್ನ ಆ ಪಟ್ಟಿ ಸಾರ್ವಜನಿಕರ ಮುಂದೆ ಬರಲಿ.

— ಕಚೇರಿ ಕಟ್ಟಡಗಳ ವಿನ್ಯಾಸ ಮತ್ತು ನಿರ್ವಹಣೆಯ ವೃತ್ತಿಯಲ್ಲಿರುವ ಕೆಲವರು, ಬೆಂಗಳೂರು